ಶ್ರೀನಿವಾಸನ ಬೆಡ್‌ರೂಮಿಗೂ ತೆರಿಗೆ

ಈ ನವೆಂಬರಿನಲ್ಲಿ ರಾಜ್ಯದ ಶಾಸನಸಭೆಯ ಚುನಾವಣೆಗೆ ಹೊರಟಿರುವ, ನಮ್ಮ ಟೌನ್‌ಶಿಪ್ಪಿನ ಮಾನ್ಯ ಮೇಯರ್ ಅವರೇ,

ನಾನೊಬ್ಬ ಅಪರಾಧಿ. ನಿಮ್ಮ ಇನ್ಸ್‌ಪೆಕ್ಟರು ತೆರಿಗೆಗಾಗಿ ಮನೆಗೆ ಬೆಲೆ ಕಟ್ಟಲು ಬಂದ ದಿನ ನಮ್ಮ ಶ್ರೀನಿವಾಸ ದೇವರನ್ನು ಚಳಿಗಾಲದ ಕೋಟುಗಳ ಹಿಂದೆ ಬಚ್ಚಿಟ್ಟೆ. ದೇವರು ಕ್ಷಮಿಸಿದ್ದಾನೆ, ಕ್ಷಮಿಸದವರು ನೀವು. ಆಸ್ತಿ ತೆರಿಗೆ ಏರಿಸಿದಿರಿ, ಹಣವಿಲ್ಲವೆಂದು ಮಗಳ ಶಾಲೆಯ ಬಸ್ಸು ನಿಲ್ಲಿಸಿದಿರಿ. ಇಂಗ್ಲಿಷಿನಲ್ಲಿ ಬರೆದ ಪತ್ರಗಳಿಗೆ ನಿಮ್ಮಿಂದ ಉತ್ತರವಿಲ್ಲ. ಆದ್ದರಿಂದ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದಕ್ಕೂ ಉತ್ತರ ಬಾರದಿದ್ದರೆ ಕಾರಣವಾದರೂ ಗೊತ್ತಿರುತ್ತದೆ.

ನಮ್ಮ ದೇವರ ಮನೆ ಎಂದರೆ ಮಹಡಿಯ ಮೇಲೆ ಬಟ್ಟೆಬರೆ ಇಡುವ ಒಂದು ಕ್ಲಾಸೆಟ್ಟು. ಟೋನಿ ಎಂಬ ನಿಮ್ಮ ಇನ್ಸ್‌ಪೆಕ್ಟರು ಕೋಟು ಸರಿಸಿ ಇದೇನೆಂದು ಕೇಳಿದ. "ಸ್ಟೋರೇಜು" ಎಂದೆ. ಭಗವಂತನ ಎದುರೇ ಸುಳ್ಳೇ ಎಂದು ನನ್ನ ಪತ್ನಿ ಅನಸೂಯ ಮುಂದೆ ಬಂದಳು.

"ಇವರ ಮಾತು ಬಿಡಿ. ಇಲ್ಲಿ ನಮ್ಮ ದೇವರಿದ್ದಾರೆ. ಬೆಳಿಗ್ಗೆ ಸುಪ್ರಭಾತ ಹಾಡಿ ಎಬ್ಬಿಸ್ತೀವಿ, ರಾತ್ರಿ ಲಾಲಿ ಹಾಡಿ ಮಲಗಿಸ್ತೀವಿ."

"ಅಂದ್ರೆ, ಇಲ್ಲಿ ಒಬ್ಬರು ದಿನಾ ಮಲಗ್ತಾರೆ," ಎಂದ ಟೋನಿ, ಪೆನ್ನು ತೆಗೆಯುತ್ತ.

"ಒಬ್ಬರೇ ಯಾಕೆ? ಅಮ್ಮನವರೂ ಜೊತೇಲಿದ್ದಾರೆ!"

ಮೂರು ಬೆಡ್‌ರೂಮಿನ ಮನೆ ನಾಲ್ಕರದ್ದಾಯಿತು. ಮಾಸ್ಟರ್ ಬೆಡ್‌ರೂಮೆಂದು ಬರೆದುಕೊಳ್ಳಲಿಲ್ಲವಲ್ಲ, ಅದೇ ನಮ್ಮ ಪುಣ್ಯ.

ಹೋದ ವರ್ಷ ಶಾಲೆಗೆ ಹಣ ಯಾರು ಕೊಡಬೇಕೆಂಬ ಜಗಳದಲ್ಲಿ ಕೋರ್ಟು ರಾಜ್ಯದ ಶಾಲೆಗಳಿಗೇ ಬೀಗ ಹಾಕಿಸಿತು. ಆಮೇಲೆ ಶಾಲೆಗಳಿಗಾಗಿ ರಾಜ್ಯದ್ದೇ ಹೊಸ ವರಮಾನ ತೆರಿಗೆ ಬಂತು. ಅದು ಬಂದರೆ ಆಸ್ತಿ ತೆರಿಗೆ ಇಳಿಯುತ್ತದೆ ಎಂದರು. ಈಗ ನೀವು ವರಮಾನ ತೆರಿಗೆಯನ್ನು ಕಿತ್ತೆಸೆಯುತ್ತೇನೆ ಎನ್ನುತ್ತೀರಿ, ನಿಮ್ಮ ಎದುರಾಳಿ ಅದಿಲ್ಲದೆ ಶಾಲೆಯೇ ಇಲ್ಲ ಎನ್ನುತ್ತಾರೆ. ಕೈ ಹಾಕುವುದು ಎಡಜೇಬಿಗೋ ಬಲಜೇಬಿಗೋ ಎಂಬುದಷ್ಟೇ ನಿಮ್ಮಿಬ್ಬರ ತತ್ವಭೇದ. ಪ್ಯಾಂಟು ಮಾತ್ರ ನನ್ನದು. ಕರ ಕಟ್ಟಿ, ಕರ ಮುಗಿದು ಕೇಳುತ್ತೇನೆ: ದೇವರ ನಿದ್ದೆಗೂ ತೆರಿಗೆ ಎತ್ತುವವರಿಗೆ ಮಗು ಹತ್ತುವ ಬಸ್ಸಿಗೆ ಹಣವಿಲ್ಲವೇ?

ಎರಡನೇ ಗ್ರೇಡಿನ ನಮ್ಮ ರಜನಿ ಈಗ ಕಾಲುಹಾದಿಯಿಲ್ಲದ ಹೆದ್ದಾರಿಯ ಅಂಚಿನಲ್ಲಿ ನಡೆದು ಹೋಗುತ್ತಾಳೆ. ಮೊನ್ನೆ ಟ್ರಕ್ಕಿನ ಗಾಳಿಗೆ ಅವಳ ಲಂಚ್‌ಬಾಕ್ಸು ಹಾರಿ ರಸ್ತೆಗೆ ಬಿತ್ತು. "ಮಾಮ್, ಮೈ ಚಿತ್ರಾನ್ನ!" ಎಂದು ಹಿಂದೆಯೇ ಓಡಿದಳು. ಜೊತೆಗಿದ್ದ ಅನಸೂಯ ಜಡೆ ಹಿಡಿದು ಎಳೆದುಕೊಂಡಳು. ಇದರಲ್ಲೂ ಒಂದು ಹಾಸ್ಯ ಹುಡುಕಿದೆ, ಸಿಗಲಿಲ್ಲ.

ಹಿಮ ಬೀಳುವ ಮುನ್ನ ಬಸ್ಸು ಬರಬೇಕು. ನಿಮ್ಮ ಲೆಕ್ಕದಲ್ಲಿ ದೇವರು ಮತ್ತೆ ಕ್ಲಾಸೆಟ್ಟಿನವನಾಗಬೇಕು. ತಪ್ಪಿದರೆ ಎಚ್ಚರ! ಕನ್ನಡ ಕೂಟದ ಒಂದು ಮನೆಯೂ ನನ್ನ ಮಾತು ಮೀರುವುದಿಲ್ಲ. ನಾನು ಬೆರಳೆತ್ತಿದರೆ ನಿಮ್ಮ ಕುರ್ಚಿ ಅಲುಗುತ್ತದೆ.

ಇಂತಿ,
ದೇವರನ್ನು ಮಲಗಿಸಿ ತಾನು ನಿದ್ದೆಗೆಟ್ಟಿರುವ,
ಕೃಷ್ಣಸ್ವಾಮಿ

ವಿ.ಸೂ.: ಅಚ್ಚಿಗೆ ಕೊಡುವ ಮುಂಚೆ ಇದನ್ನು ನಮ್ಮ ಕೂಟದಲ್ಲೇ ಇರುವ ಧಾರವಾಡದ ಗೆಳೆಯ ಜಯತೀರ್ಥನಿಗೆ ಓದಿ ಹೇಳಿದೆ. "ಭಾಳ ಛಲೋ ಬರದೀ ನೋಡು. ಆದ್ರ ವೋಟು ಹಾಕಾವ್ರು ಯಾರಪಾ? ನಾವೆಲ್ಲಾ ಗ್ರೀನ್ ಕಾರ್ಡಿನ ಮಂದಿ!" ಎಂದ. ಕೂಟದಲ್ಲೆಲ್ಲ ವಿಚಾರಿಸಿದೆ, ನಿಜ. ನನಗೂ ವೋಟಿಲ್ಲ. ನಮ್ಮ ಮನೆಯಲ್ಲಿ ಈ ದೇಶದ ಪ್ರಜೆ ಎಂದರೆ ಇಲ್ಲೇ ಹುಟ್ಟಿದ ರಜನಿ ಒಬ್ಬಳೇ. ವೋಟು ಹಾಕಲು ಅವಳಿಗೆ ಇನ್ನೂ ವಯಸ್ಸಾಗಿಲ್ಲ. ಆ ವಯಸ್ಸು ಅವಳು ಮುಟ್ಟುವ ಹಾಗೆ ದಯಮಾಡಿ ನೋಡಿಕೊಳ್ಳಿ.