ಎರಡನೇ ಮಹಡಿಯ ವಾಲ್ವ್ ಕೀಳಬೇಡಿ

ಮಾನ್ಯ ಅನಿಲ ಸುರಕ್ಷತಾ ಅಧಿಕಾರಿಗಳೇ,

ಗ್ಯಾಸೇ ಇಲ್ಲದ ಮನೆಯಲ್ಲಿ ಗ್ಯಾಸ್ ವಾಸನೆ ಬರುತ್ತಿದೆ ಎಂದು ನಾನು ಮೂರು ಬಾರಿ ಸುಳ್ಳು ದೂರು ಕೊಟ್ಟಿದ್ದೇನೆ, ಏಳು ದಿನಗಳೊಳಗೆ ಸಮಜಾಯಿಷಿ ನೀಡಬೇಕು ಎಂದು ನಿಮ್ಮ ನೋಟೀಸು ಬಂದಿದೆ. ಬರುವ ಸೋಮವಾರ ನಮ್ಮ ಮಹಡಿಯ ವಾಲ್ವನ್ನೂ ಕಿತ್ತೊಯ್ಯಲಾಗುವುದು ಎಂದು ಕೆಳಗೆ ಸಣ್ಣಕ್ಷರದಲ್ಲಿದೆ. ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ, ಎರಡನೆಯದಕ್ಕೆ ನೀವು ಕೊಡಬೇಕು. ಸಮಜಾಯಿಷಿಗೆ ನೀವು ಬಿಟ್ಟಿರುವ ಜಾಗ ಎರಡೇ ಸಾಲು. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಗ್ಯಾಸ್ ಕೊಳವೆ ಕಿತ್ತು ಮನೆಮನೆಗೂ ನೀವು ಕೊಟ್ಟ ಇಂಡಕ್ಷನ್ ಒಲೆಯ ಮೇಲೆ ನನಗೇನೂ ಹಗೆಯಿಲ್ಲ. ನೀರು ಬೇಗ ಕುದಿಯುತ್ತದೆ, ಗೋಡೆಗೆ ಮಸಿ ಹಿಡಿಯುವುದಿಲ್ಲ. ಒಲೆ ಜೋಡಿಸಲು ಬಂದ ನಿಮ್ಮ ಮೆಕ್ಯಾನಿಕ್ ಜೇಬಿನಿಂದ ಅಯಸ್ಕಾಂತ ತೆಗೆದು ನನ್ನ ಪಾತ್ರೆಗಳಿಗೆಲ್ಲ ಪರೀಕ್ಷೆ ನಡೆಸಿ, ಹೆಂಡತಿಯ ಕಾಲದ ಅಲ್ಯೂಮಿನಿಯಂ ಪಾತ್ರೆಗಳನ್ನು ಸಾರಾಸಗಟಾಗಿ ಫೇಲು ಮಾಡಿದ. ಅದನ್ನೂ ನುಂಗಿಕೊಂಡೆ. “ಪಾತ್ರೆ ಎತ್ತಿದ್ರೆ ತಾನೇ ಆಫ್ ಆಗುತ್ತೆ ಸಾರ್, ಇನ್ನು ಯಾರೂ ಬಂದು ನೋಡ್ಬೇಕಾಗಿಲ್ಲ” ಎಂದು ಹೆಮ್ಮೆಯಿಂದ ಹೇಳಿ ಹೋದ. ನನ್ನ ತಕರಾರು ಇರುವುದು ಅಲ್ಲೇ.

ನಮ್ಮ ಕಟ್ಟಡದಲ್ಲಿ ಮಹಡಿಗೊಂದೇ ವಾಲ್ವ್, ಮೆಟ್ಟಿಲ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ. ಅದರ ಮೇಲೆ ನಿಮ್ಮದೇ ಕಚೇರಿಯ ಹಲಗೆ: ‘ಕೊನೆಗೆ ಅಡುಗೆ ಮುಗಿಸಿದವರು ಎಲ್ಲ ಮನೆಗಳಲ್ಲೂ ವಿಚಾರಿಸತಕ್ಕದ್ದು, ಬಳಿಕವೇ ವಾಲ್ವ್ ಮುಚ್ಚತಕ್ಕದ್ದು.’ ಹತ್ತೊಂಬತ್ತು ವರ್ಷ ನಾವು ಮೂರು ಮನೆಯವರು ಇದನ್ನು ಚಾಚೂ ತಪ್ಪದೆ ಪಾಲಿಸಿದೆವು. ಹೆಚ್ಚಾಗಿ ವಿಚಾರಿಸಲು ಬರುತ್ತಿದ್ದವರು ಎದುರು ಮನೆಯ ನರ್ಸಮ್ಮ.

“ಕಂಡಕ್ಟ್ರೇ, ನಿಮ್ದಾಯ್ತಾ? ಮುಚ್ಲಾ?”

“ಇನ್ನೊಂದೈದು ನಿಮಿಷ ಇರಮ್ಮ, ಬೇಳೆ ಬೇಯ್ತಾ ಇದೆ.”

“ದಿನಾ ಇದೇ ಗೋಳು ನಿಮ್ದು. ಸ್ವಲ್ಪ ಬೇಗ ಇಡ್ಬಾರ್ದಾ?”

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಹೆಂಡತಿ ತೀರಿಕೊಂಡ ಮೇಲಿನ ಆರು ವರ್ಷವೂ ಅವರು ಬರುವ ಹೊತ್ತಿಗೆ ನನ್ನ ಬೇಳೆ ಬೆಂದು ತಣ್ಣಗಾಗಿರುತ್ತಿತ್ತು. ಐದು ನಿಮಿಷ ಎಂದರೆ ಅವರು ಇನ್ನೊಮ್ಮೆ ಬಾಗಿಲು ತಟ್ಟುತ್ತಾರಲ್ಲ, ಅದಕ್ಕೆ ಹಾಗೆ ಹೇಳುತ್ತಿದ್ದೆ. ಮೂವತ್ತೊಂದು ವರ್ಷ ತುಂಬಿದ ಬಸ್ಸಿನಲ್ಲಿ ‘ಒಳಗ್ ಹೋಗಿ, ಒಳಗ್ ಹೋಗಿ’ ಎಂದು ಕೂಗಿದ ಗಂಟಲು ಇದು. ನಿವೃತ್ತಿಯ ಮೇಲೆ ಅದಕ್ಕೆ ಉಳಿದಿದ್ದ ಕೆಲಸ ಅದೊಂದೇ.

ಗ್ಯಾಸ್ ನಿಂತ ಮೇಲೆ ಒಂದು ವಾರ ಯಾರೂ ಬರಲಿಲ್ಲ. ನರ್ಸಮ್ಮನದೇನೂ ತಪ್ಪಿಲ್ಲ. ಹಗಲೆಲ್ಲ ಕಂಡವರ ನಾಡಿ ಹಿಡಿದು ಸುಸ್ತಾಗಿ ಬಂದವರು ಕಾರಣವಿಲ್ಲದೆ ಇನ್ನೊಬ್ಬರ ಬಾಗಿಲು ಯಾಕೆ ತಟ್ಟಬೇಕು? ಮೂರನೆಯ ಮನೆಯ ಬೀಗ ರಿಪೇರಿಯವರಿಗೆ ಟಿವಿ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಎಂಟನೆಯ ದಿನ ನಾನೇ ಎದ್ದು ಹೋಗಿ ನರ್ಸಮ್ಮನ ಬಾಗಿಲು ತಟ್ಟಿದೆ. ಬಾಯಿಗೆ ಬಂದದ್ದು ಹಳೆಯ ಮಾತೇ.

“ಆಯ್ತೇನಮ್ಮ? ಮುಚ್ಲಾ?”

“ಏನ್ ಮುಚ್ತೀರಾ ಕಂಡಕ್ಟ್ರೇ? ಗ್ಯಾಸೇ ಇಲ್ವಲ್ಲ!” ಎಂದು ನಕ್ಕರು. ನಾನೂ ನಕ್ಕೆ. ಮತ್ತೇನು ಮಾತಾಡಬೇಕೆಂದು ಇಬ್ಬರಿಗೂ ತೋಚದೆ ಬಾಗಿಲು ಮುಚ್ಚಿತು. ಆಮೇಲೆ ಹೋಗಲು ನನಗೆ ಮುಖವಿರಲಿಲ್ಲ.

ಮರುದಿನ ಸಂಜೆ ಮೂಗಿಗೆ ಗ್ಯಾಸ್ ವಾಸನೆ ಬಡಿಯಿತು. ಆಣೆಗೂ ಬಡಿಯಿತು. ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಇಪ್ಪತ್ತೇ ನಿಮಿಷದಲ್ಲಿ ನಿಮ್ಮ ತಪಾಸಣೆಯವರು ಏದುಸಿರು ಬಿಡುತ್ತಾ ಬಂದು, ಯಂತ್ರ ಹಿಡಿದು ಮೂಲೆಮೂಲೆಯನ್ನೂ ಜಾಲಾಡಿದರು. ಏನೂ ಇರಲಿಲ್ಲ. ಹೊರಡುವಾಗ ಬಗ್ಗಿ ಶೂ ಕಟ್ಟಿಕೊಳ್ಳುತ್ತಾ, “ಒಬ್ರೇ ಇರೋದಾ ಯಜಮಾನ್ರೇ? ಅಡುಗೆ ಎಲ್ಲ ಆಯ್ತಾ?” ಎಂದು ಕೇಳಿದರು.

ಎರಡನೆಯ ಮತ್ತು ಮೂರನೆಯ ದೂರಿನ ದಿನ ಯಾವ ವಾಸನೆಯೂ ಬಂದಿರಲಿಲ್ಲ. ನೀವು ಕೇಳಿದ ಸಮಜಾಯಿಷಿ ಇಷ್ಟೇ. ಆ ಹೊತ್ತಿನಲ್ಲಿ ನಿಜವಾಗಿ ಗ್ಯಾಸ್ ಸೋರುತ್ತಿದ್ದ ಮನೆಯೊಂದು ಕಾಯಬೇಕಾಗಿ ಬಂದಿದ್ದರೆ? ನೆನೆದರೆ ನಾಚಿಕೆಯಾಗುತ್ತದೆ. ಶಿಕ್ಷೆ ಏನಿದ್ದರೂ ಕೊಡಿ. ಇನ್ನು ಫೋನ್ ಮಾಡುವುದಿಲ್ಲ.

ಆದರೆ ಸ್ವಾಮಿ, ಕೊಳವೆ ಕಿತ್ತದ್ದು ನಮ್ಮ ಸುರಕ್ಷತೆಗಾಗಿ ಎಂದಿರಲ್ಲ, ಒಂದು ಮಾತು ಕೇಳುತ್ತೇನೆ. ಗ್ಯಾಸ್ ಸೋರಿದರೆ ಕೂಗುವ ಯಂತ್ರ ನಿಮ್ಮಲ್ಲಿದೆ. ಎರಡನೇ ಮಹಡಿಯ ಮನುಷ್ಯನೊಬ್ಬ ಮೂರು ದಿನ ಯಾರೊಂದಿಗೂ ಒಂದು ಮಾತಾಡದೆ ಮಲಗಿದರೆ ಯಾವ ಯಂತ್ರ ಕೂಗುತ್ತದೆ? ಅದು ನಿಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ ಎಂದೀರಿ. ಹತ್ತೊಂಬತ್ತು ವರ್ಷ ಬಂದಿತ್ತಲ್ಲ, ನಿಮಗೇ ತಿಳಿಯದ ಹಾಗೆ!

ಆದ್ದರಿಂದ ಸೋಮವಾರ ವಾಲ್ವ್ ಕೀಳಬೇಡಿ. ಅದಕ್ಕೆ ಎಣ್ಣೆ ನಾನೇ ಬಿಡುತ್ತೇನೆ. ಕಿತ್ತೇ ತೀರಬೇಕೆಂದು ನಿಯಮ ಪಟ್ಟು ಹಿಡಿದರೆ ವಾಲ್ವ್ ಒಯ್ದು ಹಲಗೆ ಬಿಡಿ. ಗ್ಯಾಸಿನ ಮಾತಿಗೆಲ್ಲ ಬಣ್ಣ ಬಳಿದು ‘ಎಲ್ಲ ಮನೆಗಳಲ್ಲೂ ವಿಚಾರಿಸತಕ್ಕದ್ದು’ ಎಂಬಷ್ಟನ್ನು ಉಳಿಸಿ, ಕೆಳಗೆ ನಿಮ್ಮ ಮೊಹರು ಒತ್ತಿಸಿ. ಸರ್ಕಾರಿ ಆದೇಶವೊಂದಿದ್ದರೆ ನನಗೂ ಎದುರು ಮನೆಯ ಬಾಗಿಲು ತಟ್ಟಲು ಮುಖ ಬರುತ್ತದೆ.

ಇಂತಿ,
ನಿಮ್ಮ ಕಡತದಲ್ಲಿ ಸುಳ್ಳುಗಾರನೆಂದು ದಾಖಲಾಗಿರುವ
ಎರಡನೇ ಮಹಡಿಯ ನಿವೃತ್ತ ಕಂಡಕ್ಟರ್

ತಾ.ಕ.: ಇವತ್ತಿನ ಅಡುಗೆ ಆಗಲೇ ಆಗಿದೆ. ಯಾರಾದರೂ ಬಂದು ಕೇಳಿದರೆ ಇನ್ನೈದು ನಿಮಿಷ ಎನ್ನುತ್ತೇನೆ.