ತೆಂಗಿಲ್ಲದ ಅಂಗಳ

೧೨ ನವೆಂಬರ್ ೨೦೨೫, ಬುಧವಾರ

ಬಾವಿಕಟ್ಟೆಯ ಮೇಲಿನ ಕೆಂಪು ಗುರುತು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಬೆಳಿಗ್ಗೆ ಟೇಪು ಹಿಡಿದು ಬಂದವರು ಯಾಕೆಂದು ಹೇಳದೆ ಬಳಿದು ಹೋದರು. ಚೆಂಡಿಯಾ ಊರಿನ ನಮ್ಮ ಹಳೇ ಮನೆಯನ್ನು ನೌಕಾನೆಲೆಗೆಂದು ಸರ್ಕಾರ ತೆಗೆದುಕೊಳ್ಳುವ ಮೊದಲೂ ಹೀಗೇ ಒಂದು ಗುರುತು ಬಿದ್ದಿತ್ತು.

"ನೀರಿನ ಪೈಪಿಗಂತೆ ಭಾವಾ, ಹೆದ್ರುಕೆ ಎಂತಾ ಆಯ್ತು?" ಎಂದ ಸೋಮು, ತೀರಿಹೋದ ನನ್ನ ಹೆಂಡತಿ ದಮಯಂತಿಯ ತಮ್ಮ. ಅಂಕೋಲೆಯಿಂದ ತೆಂಗಿನ ಸಸಿ ತಂದಿದ್ದ. "ಅಕ್ಕ ಕೇಳಿ ಕೇಳಿ ಸತ್ತೇ ಹೋದ್ಲು. ಈಗಾದ್ರೂ ನೆಡಿ ಮಾರಾಯ್ರೆ."

ನಿಜ. ಈ ಪುನರ್ವಸತಿ ಕಾಲನಿಗೆ ಬಂದ ಮೇಲೆ ಬಸಳೆಯ ಹೊರತು ಬೇರೇನೂ ನೆಡಲು ಅವಳಿಗೆ ನಾನು ಬಿಡಲಿಲ್ಲ. ಬಸಳೆ ಎರಡು ತಿಂಗಳಿಗೆ ಕೈಗೆ ಬರುತ್ತದೆ. ತೆಂಗು ಕಾಯಿ ಬಿಡುವವರೆಗೆ ನಮ್ಮನ್ನು ಇಲ್ಲಿ ಇರಗೊಡುತ್ತಾರೆಂದು ಯಾರು ಬರೆದುಕೊಟ್ಟಿದ್ದಾರೆ?

ಕಾಲೇಜಿನಲ್ಲಿ ಸಂವಿಧಾನದ ಪಾಠ ಬಾಯಿಪಾಠ ಮಾಡಿದ್ದೆ. ಪ್ರತಿ ಸಿಟಿಜನ್‌ಗೂ 'ಅಡಿಕ್ವೇಟ್ ಮೀನ್ಸ್ ಆಫ್ ಲೈವ್ಲಿಹುಡ್', ಅಂದರೆ ಬದುಕಲು ಸಾಕಾಗುವಷ್ಟು ದಾರಿ. ಮಿಕ್ಕಿದ್ದೆಲ್ಲ ಮರೆತುಹೋಗಿದೆ. ಅದಕ್ಕೂ ಮೊದಲೇ 'ನಾಟ್ ಬಿ ಎನ್‌ಫೋರ್ಸೆಬಲ್' ಅಂತ ಇತ್ತು, ಅಂದರೆ ಕೋರ್ಟಿಗೆ ಹೋಗಿ ಕೇಳುವಂತಿಲ್ಲ.

ಗಾಳಿಗೆ ಗೇಟು ಅಲುಗಿದರೂ ಎದ್ದು ಹೋಗಿ ನೋಡುತ್ತೇನೆ.

ಸಂಜೆ ಸಸಿ ನೆಟ್ಟೆ, ದಮಯಂತಿ. ಅಂಗಳದಲ್ಲಲ್ಲ, ಬಕೆಟ್ಟಿನಲ್ಲಿ. ಹಿಡಿಕೆ ಗಟ್ಟಿಯಿದೆಯೇ ಎಂದು ಎರಡು ಸಲ ಎತ್ತಿ ನೋಡಿದೆ.