ಏಳುನೂರಕ್ಕೆ ಮೂರು ಕಡಿಮೆ

ಗುರುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ನನ್ನ ಗುಬ್ಬಿಗೆ,

ಅಮ್ಮನ ಪ್ರೀತಿ ಮೊದಲು. ಉಳಿದದ್ದನ್ನು ಓದಿದ ಮೇಲೆ ಅದು ನಿನಗೆ ಬೇಕೋ ಬೇಡವೋ ನೀನೇ ತೀರ್ಮಾನ ಮಾಡು.

ಸೋಮವಾರ ಆ ಹಡಗಿನ ಡಾಕ್ಟರಮ್ಮನ ವಿಚಾರಣೆ. ನಿಮ್ಮಪ್ಪ ಎದೆನೋವಿನಿಂದ ಒದ್ದಾಡುತ್ತಿದ್ದರೂ ಆಕೆ ನಮ್ಮ ಕೋಣೆಯ ಕಡೆ ತಲೆ ಹಾಕಲಿಲ್ಲ ಎಂದು ನೀನು ದೂರು ಕೊಟ್ಟಿದ್ದೀಯ. ಅಳಿಯಂದಿರು ಅದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ ತಂದರು, ಅವರು ತೋರಿಸಿದ ಕಡೆ ನಾನು ಸಹಿ ಹಾಕಿದೆ. ಆಕೆಯನ್ನು ಈಗಾಗಲೇ ಕೆಲಸದಿಂದ ದೂರ ಇಟ್ಟಿದ್ದಾರೆ, ಇನ್ನು ಮುಂದೆ ಎಲ್ಲೂ ಡಾಕ್ಟರಾಗಿ ಕೂರದ ಹಾಗೆ ಮಾಡುತ್ತಾರೆ ಎಂದು ನೀನೇ ಫೋನಿನಲ್ಲಿ ಹೇಳಿದೆ. ಗುಬ್ಬಿ, ಆ ದೂರನ್ನು ವಾಪಸ್ ತೆಗೆದುಕೋ. ಆಕೆ ಬಂದಿದ್ದಳು. ಬಾಗಿಲಲ್ಲಿ ನಿಂತು ಆಕೆಯನ್ನು ಹಿಂದಕ್ಕೆ ಕಳಿಸಿದವಳು ನಾನು.

ಇದನ್ನು ಬಾಯಲ್ಲಿ ಹೇಳೋಣ ಎಂದು ಮೂರು ಸಲ ನಿನಗೆ ಫೋನ್ ಮಾಡಿದೆ. ಮೂರು ಸಲವೂ ಮಗುವಿನ ಕೆಮ್ಮು ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ಕಾಗದಕ್ಕಾದರೆ ಮುಖ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸುಮ್ಮನೆ ಕಳಿಸಿದೆ ಎಂದರೆ ನಿನಗೆ ಅರ್ಥವಾಗುವುದಿಲ್ಲ. ಹಡಗಿನ ಆ ದರ್ಜೆಗಳ ವಿಷಯ ನೀನು ಯಾವತ್ತೂ ಕೇಳಲಿಲ್ಲ, ನಾವು ಹೇಳಲು ಹೋದರೆ ನಗುತ್ತಿದ್ದೆ. ಆ ಕಂಪನಿಯ ಹಡಗಿನಲ್ಲಿ ಕಳೆದ ಪ್ರತಿ ರಾತ್ರಿಗೂ ಎಣಿಕೆ ಇದೆ. ಐವತ್ತಾದರೆ ಬೆಳ್ಳಿ, ಇನ್ನೂರಾದರೆ ಚಿನ್ನ, ನಾನೂರಕ್ಕೆ ಪಚ್ಚೆ, ಏಳುನೂರಕ್ಕೆ ವಜ್ರ. ಒಂದೊಂದಕ್ಕೂ ಒಂದೊಂದು ಬಣ್ಣದ ಕಾರ್ಡು, ಒಂದೊಂದು ಸವಲತ್ತು. ಬೆಳ್ಳಿಯವರಿಗೆ ಒಂದು ಟೋಪಿ, ಒಂದು ನೀರಿನ ಬಾಟಲಿ. ಚಿನ್ನದವರಿಗೆ ಹಡಗು ಹತ್ತಲು ಚಿಕ್ಕ ಸಾಲು. ಪಚ್ಚೆಯವರಿಗೆ ವಾರಕ್ಕೆ ಒಂದು ಚೀಲ ಬಟ್ಟೆ ಪುಕ್ಕಟೆ ಒಗೆದು ಕೊಡುತ್ತಾರೆ.

ನೀನು ನಗುತ್ತಿದ್ದದ್ದು ಈ ಬಟ್ಟೆ ಚೀಲಕ್ಕೇ. ಮೂವತ್ತೊಂದು ವರ್ಷ ಹೋಟೆಲಿನ ನೆಲಮಾಳಿಗೆಯಲ್ಲಿ ಊರವರ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟವಳು ನಾನು. ಮೊದಲ ಸಲ ನಮ್ಮ ಬಟ್ಟೆಯನ್ನು ಇನ್ನೊಬ್ಬರು ಒಗೆದು, ತೆಳ್ಳನೆ ಕಾಗದದಲ್ಲಿ ಸುತ್ತಿ, ಬಾಗಿಲ ಹತ್ತಿರ ತಂದು ಕೊಟ್ಟ ದಿನ ನಾನು ಅತ್ತುಬಿಟ್ಟೆ. ನಿಮ್ಮಪ್ಪ, ಕಾಲರ್ ಸರಿಯಾಗಿ ಮಡಿಸಿಲ್ಲ ನೋಡು, ವಾಪಸ್ ಕಳಿಸ್ತೀಯಾ ಎಂದು ರೇಗಿಸಿದರು. ನಿಜವಾಗಿಯೂ ಸರಿಯಾಗಿ ಮಡಿಸಿರಲಿಲ್ಲ.

ಅವರಿಗೆ ಈ ಬಣ್ಣಗಳ ಹುಚ್ಚು ಅಷ್ಟಿರಲಿಲ್ಲ. ಹತ್ತಿದ ತಕ್ಷಣ ಲಿಫ್ಟಿನ ಮುಂದೆ ನಿಂತು ಕಿವಿ ಕೊಡುವುದೇ ಅವರ ಪ್ರವಾಸ. ಇದರ ಬೇರಿಂಗ್ ಹೋಗಿದೆ, ಇನ್ನಾರು ತಿಂಗಳು ಬಂದರೆ ಹೆಚ್ಚು ಎನ್ನುವರು. ಇಡೀ ಆಯುಸ್ಸು ಲಿಫ್ಟ್ ರಿಪೇರಿ ಮಾಡಿದವರಿಗೆ ಸಮುದ್ರ ಎಲ್ಲಿ ಕಾಣಿಸಬೇಕು? ನಮ್ಮದು ಯಾವಾಗಲೂ ಕಿಟಕಿಯಿಲ್ಲದ ಒಳಗಿನ ಕೋಣೆ, ಯಾರೂ ಬಾರದ ಕಾಲದ ಅಗ್ಗದ ಯಾನ. ಎಲ್ಲಿ ಮಲಗಿದರೂ ಒಂದು ರಾತ್ರಿಗೆ ಒಂದೇ ಎಣಿಕೆ ಎಂದು ಕಂಡುಹಿಡಿದವಳು ನಾನು. ಹುಚ್ಚು ನನ್ನದೇ.

ಅದು ಯಾವಾಗ ಹತ್ತಿತು ಎಂದೂ ಹೇಳುತ್ತೇನೆ. ಮೇಲಿನ ಅಂತಸ್ತಿನಲ್ಲಿ ವಜ್ರದವರಿಗೆ ಮಾತ್ರ ಒಂದು ಕೋಣೆ ಇದೆ, ಗಾಜಿನ ಬಾಗಿಲಿನದು. ನಾವೆಲ್ಲ ಟೋಪಿ ಅಕ್ಕ ಎಂದು ಕರೆಯುತ್ತಿದ್ದ ಒಬ್ಬಾಕೆ, ನನ್ನದೇ ವಯಸ್ಸು, ಟೀ ಕುಡಿಯೋಣ ಬನ್ನಿ ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಅವಳು ಕಾರ್ಡ್ ಇಟ್ಟಳು, ಬಾಗಿಲು ತೆರೆದುಕೊಂಡಿತು. ನಾನು ಹಿಂದೆ ಕಾಲಿಡುವಾಗ ಬಾಗಿಲ ಹತ್ತಿರ ನಿಂತಿದ್ದವನು ನನ್ನ ಮುಂದೆ ಕೈ ಅಡ್ಡ ಹಿಡಿದ. ನಿಮ್ಮದು ಇನ್ನೂ ಆಗಿಲ್ಲ ಅಮ್ಮ, ಎಂದ. ಒಳ್ಳೆಯ ಮಾತಿನಲ್ಲೇ ಹೇಳಿದ. ಒಳಗಿದ್ದವರೆಲ್ಲ ಟೀ ಕಪ್ಪು ಕೆಳಗಿಟ್ಟು ನೋಡಿದರು. ಟೋಪಿ ಅಕ್ಕ ಅಯ್ಯೋ ಪಾಪ ಎಂದು ನಕ್ಕು ಒಳಗೆ ಹೋಗಿ ಕೂತಳು. ನನಗೆ ಮೈಯೆಲ್ಲ ಉರಿದುಹೋಯಿತು. ಹೋಟೆಲಿನಲ್ಲಿ ಅಷ್ಟು ವರ್ಷ ಹಿಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದ ಹೊರಗೆ ಬಂದಿದ್ದೆ, ಆಗ ಒಂದು ದಿನವೂ ಹಾಗೆ ಅನ್ನಿಸಿರಲಿಲ್ಲ. ಆವತ್ತಿನಿಂದ ನನಗೆ ಎಣಿಕೆ ಬಿಟ್ಟು ಬೇರೆ ಧ್ಯಾನವೇ ಇರಲಿಲ್ಲ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ನಿನ್ನ ಹೆರಿಗೆಗೆ ನಾನು ಬರಲಿಲ್ಲ. ಮೊಣಕಾಲು ಊದಿದೆ, ಡಾಕ್ಟರು ಪ್ರಯಾಣ ಬೇಡ ಅಂದಿದ್ದಾರೆ ಎಂದೆ. ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಆ ತಿಂಗಳ ಯಾನಕ್ಕೆ ಒಂದು ರಾತ್ರಿಗೆ ಎರಡು ರಾತ್ರಿ ಎಣಿಸುತ್ತೇವೆ ಎಂದು ಕಂಪನಿಯಿಂದ ಪತ್ರ ಬಂದಿತ್ತು. ನಿಮ್ಮಪ್ಪ ಬೇಡ ಅಂದರು, ಮಗಳು ಒಬ್ಬಳೇ ಇದ್ದಾಳೆ ಅಂದರು. ನಾನು ಎರಡು ದಿನ ಮುಖ ಊದಿಸಿಕೊಂಡು ಕೂತೆ. ಮೂರನೆಯ ದಿನ ಅವರೇ ಹೋಗಿ ಟಿಕೆಟ್ ಮಾಡಿಸಿ ಬಂದರು.

ಈ ಕಡೆಯ ಯಾನ ಹತ್ತುವಾಗ ನಮ್ಮದು ಆರುನೂರ ಎಂಬತ್ತೆರಡು. ಹದಿನೆಂಟು ರಾತ್ರಿಯ ಯಾನ. ಇಳಿಯುವಾಗ ಸರಿಯಾಗಿ ಏಳುನೂರು. ಕಡೆಯ ದಿನ ಸಂಜೆ ಕ್ಯಾಪ್ಟನ್ನೇ ವೇದಿಕೆಗೆ ಕರೆದು, ಇಬ್ಬರ ಹೆಸರೂ ಹೇಳಿ, ಕೋಟಿಗೆ ಬಿಲ್ಲೆ ಚುಚ್ಚುತ್ತಾರೆ. ನನ್ನ ಹೆಸರನ್ನು ಮೈಕಿನಲ್ಲಿ ಯಾರೂ ಯಾವತ್ತೂ ಕರೆದಿರಲಿಲ್ಲ. ಹೇಗೆ ನಡೆದುಹೋಗಬೇಕು ಎಂದು ಕೋಣೆಯಲ್ಲಿ ನಡೆದು ನೋಡಿಕೊಂಡಿದ್ದೆ. ನಗಬೇಡ.

ಹದಿನಾರನೆಯ ದಿನ ಬೆಳಿಗ್ಗೆ, ಮೂರು ರಾತ್ರಿ ಬಾಕಿ ಇರುವಾಗ, ನಿಮ್ಮಪ್ಪ ಶೂ ಕಟ್ಟಿಕೊಳ್ಳಲು ಬಗ್ಗಿದವರು ಹಾಗೇ ಕೂತುಬಿಟ್ಟರು. ಎದೆ ಹಿಡಿದ ಹಾಗಿದೆ ಎಂದರು. ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರು, ಎಡಗೈ ಎತ್ತಲು ಆಗುತ್ತಿಲ್ಲ. ಅದು ಏನು ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಆದರೆ ಅದಕ್ಕಿಂತ ಮೊದಲು ನನ್ನ ತಲೆಗೆ ಬಂದದ್ದು ಕಂಪನಿಯ ನಿಯಮ. ಯಾನ ಮುಗಿಯುವ ಮೊದಲೇ ಇಳಿದುಹೋದರೆ ಆ ಯಾನದ ಒಂದು ರಾತ್ರಿಯೂ ಎಣಿಕೆಗೆ ಸಿಗುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಹಡಗು ಬಂದರಿನಲ್ಲಿ ನಿಲ್ಲುವುದಿತ್ತು. ಡಾಕ್ಟರಿಗೆ ಹೇಳಿದರೆ ಅಲ್ಲೇ ಇಳಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ಹದಿನಾರು ರಾತ್ರಿ ನೀರುಪಾಲು, ಮತ್ತೆ ಆರುನೂರ ಎಂಬತ್ತೆರಡು. ಅವರ ಆರೋಗ್ಯ ನೋಡಿದರೆ ಇನ್ನೊಂದು ಯಾನ ಮಾಡುವುದು ಕನಸಿನ ಮಾತು. ಮೂರು ದಿನ ತಡೆದುಕೊಳ್ಳೋಣ, ಇಳಿದ ಕೂಡಲೇ ನೇರ ಆಸ್ಪತ್ರೆಗೆ ಹೋಗೋಣ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಮುಟ್ಟದೆ ಬಿಟ್ಟ ಬೆಳಗಿನ ತಿಂಡಿಯ ತಟ್ಟೆ ನೋಡಿ, ನಮ್ಮ ಕೋಣೆ ಗುಡಿಸುವವನಿಗೆ ಅನುಮಾನ ಬಂದು ಕ್ಲಿನಿಕ್ಕಿಗೆ ಹೇಳಿದ್ದಾನೆ. ಹನ್ನೊಂದು ಗಂಟೆಗೆ ಡಾಕ್ಟರಮ್ಮ ಚೀಲ ಹಿಡಿದು ಬಂದಳು. ನಿನ್ನಷ್ಟೇ ವಯಸ್ಸು, ನಿನ್ನ ಹಾಗೇ ಕೂದಲನ್ನು ಪೆನ್ನಿನಿಂದ ಸಿಕ್ಕಿಸಿಕೊಂಡಿದ್ದಳು. ನಾನು ಬಾಗಿಲನ್ನು ನನ್ನ ಮೈಯಗಲಕ್ಕೆ ಮಾತ್ರ ತೆರೆದು ನಿಂತೆ. ನಿಮ್ಮಪ್ಪ ಕಳಿಸಿಬಿಡು ಎಂದು ಒಳಗಿನಿಂದ ಕೈಸನ್ನೆ ಮಾಡಿದರು. ಅವರು ಆರಾಮಾಗಿದ್ದಾರೆ, ಮೇಲಿನ ಡೆಕ್ಕಿನಲ್ಲಿ ತಿರುಗಾಡಲು ಹೋಗಿದ್ದಾರೆ ಎಂದೆ. ಆಕೆ, ಬಂದ ಮೇಲೆ ಒಂದು ಸಲ ನೋಡಿಬಿಡುತ್ತೇನೆ ಎಂದಳು. ಬೇಕಾಗಿಲ್ಲ ಎಂದೆ. ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದಳು. ಆಮೇಲೆ ಸೇರಿಸಿದ್ದು, ಸುಳ್ಳು ದಾಖಲೆ ಎಂದು ಅಳಿಯಂದಿರು ದೂರಿನಲ್ಲಿ ಬರೆದಿದ್ದಾರಲ್ಲ, ಆ ಸಾಲು ಇದೇ. ಅದರಲ್ಲಿ ಇರುವುದು ಅಕ್ಷರ ಅಕ್ಷರವೂ ನಿಜ.

ಮಾರನೆಯ ದಿನ ಹಡಗು ಆರು ಗಂಟೆ ಕಾಲ ಬಂದರಿನಲ್ಲಿ ನಿಂತಿತ್ತು. ನಾನು ಒಮ್ಮೆ ಮೇಲೆ ಹೋಗಿ ನೋಡಿ ಬಂದೆ. ಊರ ಮಧ್ಯದಲ್ಲಿ ಆಸ್ಪತ್ರೆಯ ದೊಡ್ಡ ಕಟ್ಟಡ ಎದ್ದು ಕಾಣುತ್ತಿತ್ತು, ನಡೆದು ಹೋಗುವಷ್ಟು ಹತ್ತಿರ. ಹಗ್ಗ ಬಿಚ್ಚುವಾಗ ಇಳಿದುಬಿಡೋಣ ಎಂದು ಒಂದು ಕ್ಷಣ ಜೀವ ಬಡಿದುಕೊಂಡಿತು. ಅಷ್ಟರಲ್ಲಿ ಅವರು ಎರಡು ಚಮಚ ಸೂಪು ಕುಡಿದಿದ್ದರು. ಅದನ್ನೇ ದೊಡ್ಡದು ಮಾಡಿಕೊಂಡೆ.

ಕಡೆಯ ದಿನ ಮಧ್ಯಾಹ್ನ ನಾನು ಅವರ ಕೋಟು ಇಸ್ತ್ರಿ ಮಾಡಲು ಕೆಳಗಿನ ಅಂತಸ್ತಿಗೆ ಹೋದೆ. ವೇದಿಕೆಗೆ ಹಾಕಿಕೊಳ್ಳುವ ಕೋಟು. ಅರ್ಧ ಗಂಟೆ ಹಿಡಿಯಿತು, ತೋಳಿನ ಗೆರೆ ಸರಿಯಾಗಿ ಕೂರಲಿಲ್ಲ ಎಂದು ಎರಡು ಸಲ ತಿಕ್ಕಿದೆ. ವಾಪಸ್ ಬಂದಾಗ ಅವರಿಗೆ ಉಸಿರಿರಲಿಲ್ಲ. ನಾನು ಹೊರಗೆ ಬಂದು ಕೂಗಿದೆ. ಡಾಕ್ಟರಮ್ಮ ಓಡಿ ಬಂದು, ಇರುವ ಆ ಒಂದು ಗೇಣು ಜಾಗದಲ್ಲಿ ಮೊಣಕಾಲೂರಿ, ನಲವತ್ತು ನಿಮಿಷ ಅವರ ಎದೆ ಒತ್ತಿದಳು. ಬೇರೆಯವರು ಸಾಕು ಎಂದರೂ ಬಿಡಲಿಲ್ಲ. ಕಡೆಗೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು.

“ಮೊನ್ನೆ ನಾನು ಬಂದಾಗ ಇವರು ನಿಜವಾಗ್ಲೂ ಹೊರಗೆ ಹೋಗಿದ್ರಾ?”

ಹೌದು ಎಂದೆ. ಎರಡು ವಾರದ ನಂತರ ನೀನು, ಯಾರೂ ಬಂದು ನೋಡಲೇ ಇಲ್ಲವಾ ಅಮ್ಮ ಎಂದು ಅಳುತ್ತಾ ಕೇಳಿದಾಗ, ಯಾರೂ ಬರಲಿಲ್ಲ ಎಂದೆ. ಆ ಒಂದು ಮಾತಿನ ಮೇಲೆ ನೀನು ಇಷ್ಟೆಲ್ಲ ಕಟ್ಟಿದೆ. ನಿನ್ನ ತಪ್ಪಿಲ್ಲ.

ಇಳಿಯುವ ದಿನ ಬೆಳಿಗ್ಗೆ ಸದಸ್ಯರ ಮೇಜಿನ ಹುಡುಗಿ ನನ್ನ ಕೋಣೆಗೇ ಬಂದು ಎರಡು ಪುಟ್ಟ ಡಬ್ಬಿ ಕೊಟ್ಟಳು. ಇಬ್ಬರ ಹೆಸರಿನಲ್ಲೂ ವಜ್ರದ ಬಿಲ್ಲೆ. ನನ್ನ ಬಾಯಿಂದ ಏನು ಬಂತು ಕೇಳು. ಅವರು ಯಾನ ಮುಗಿಸಲಿಲ್ಲವಲ್ಲ, ಅವರಿಗೆ ಹೇಗೆ ಎಣಿಕೆ ಆಯಿತು ಎಂದೆ. ಅವಳು ಮೆತ್ತಗೆ ಹೇಳಿದಳು: ಆ ನಿಯಮ ತೆಗೆದು ಎರಡು ವರ್ಷ ಆಯಿತು. ಕಾಯಿಲೆಯಿಂದ ಮಧ್ಯದಲ್ಲಿ ಇಳಿದರೂ, ಡಾಕ್ಟರು ಬರೆದುಕೊಟ್ಟರೆ ಯಾನದ ಎಲ್ಲ ರಾತ್ರಿಗಳನ್ನೂ ಕೊಡುತ್ತೇವೆ, ಪುಸ್ತಕದಲ್ಲೇ ಇದೆ. ಪ್ರತಿ ಯಾನಕ್ಕೂ ಆ ನಿಯಮದ ಪುಸ್ತಕ ಹೊಸದಾಗಿ ದಿಂಬಿನ ಮೇಲೆ ಇಡುತ್ತಾರೆ. ಹೊಸಬರು ಓದುತ್ತಾರೆ. ನಾನು ಪಚ್ಚೆಯವಳು, ನಿಯಮಗಳನ್ನು ಬಾಯಿಪಾಠ ಒಪ್ಪಿಸುವವಳು, ಊಟದ ಮೇಜಿನಲ್ಲಿ ಬೆಳ್ಳಿಯವರಿಗೆ ಪಾಠ ಹೇಳುವವಳು. ನಾನು ಅದನ್ನು ಬಿಚ್ಚದೆ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಆ ಯಾನದಲ್ಲೂ ಹಾಕಿದೆ.

ಬಿಲ್ಲೆಯನ್ನು ಬೇಡ ಎಂದೆ ಎಂದು ಬರೆದರೆ ನೀನು ನಂಬುತ್ತೀಯ. ನಾನು ಕೈ ಚಾಚಿ ತೆಗೆದುಕೊಂಡೆ. ಇಳಿಯುವ ಮೊದಲು ಆ ಗಾಜಿನ ಬಾಗಿಲಿನ ಕೋಣೆಗೂ ಹೋಗಿ ಕೂತೆ. ನಿಮ್ಮಪ್ಪ ಕೆಳಗೆ ತಣ್ಣನೆಯ ಕೋಣೆಯಲ್ಲಿದ್ದರು, ನಾನು ಮೇಲೆ ಟೀ ಕುಡಿದೆ. ಇದಕ್ಕಿಂತ ಹೆಚ್ಚು ನನ್ನನ್ನು ನಾನು ಬೈದುಕೊಳ್ಳಲು ನನಗೆ ಮಾತು ಗೊತ್ತಿಲ್ಲ.

ವಿಚಾರಣೆ ಮಾಡುವವರಿಗೆ ಎಲ್ಲವನ್ನೂ ಬರೆದು ನಿನ್ನೆಯೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಸುಳ್ಳು ಸಹಿಗೆ ನನಗೆ ಏನು ಮಾಡುತ್ತಾರೋ ಮಾಡಲಿ. ಸೋಮವಾರ ನೀನು ಅಲ್ಲಿಗೆ ಹೋದರೆ ಆ ಡಾಕ್ಟರಮ್ಮನ ಮುಖ ನೋಡಿ ಒಂದು ಮಾತಾಡು. ನಾನು ಬಂದು ಆಡಬೇಕಾದ ಮಾತು, ನೀನು ಆಡಬೇಕೆಂದಿಲ್ಲ. ಆದರೂ ಕೇಳುತ್ತಿದ್ದೇನೆ.

ಮಗುವಿಗೆ ಬೆಚ್ಚಗೆ ಹೊದಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಮೂರು ದಿನ ತಡೆದುಕೊಳ್ಳೋಣ ಎಂದದ್ದು ನಾವಿಬ್ಬರೂ ಅಲ್ಲ, ನಾನೊಬ್ಬಳೇ. ನಿಮ್ಮಪ್ಪ ಕೈಸನ್ನೆಯನ್ನೂ ಮಾಡಲಿಲ್ಲ. ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದಾಗ ಹಾಸಿಗೆಯಿಂದ, “ಇಲ್ಲೇ ಇದ್ದೀನಿ, ಡಾಕ್ಟ್ರೇ,” ಅಂದರು. ಓಣಿಯಲ್ಲಿ ಯಾರೋ ಮೆಷಿನ್ ಹಾಕಿ ರತ್ನಗಂಬಳಿಯ ಧೂಳು ಎಳೆಯುತ್ತಿದ್ದರು, ಆಕೆಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ನಾನು ಬಾಗಿಲು ಹಾಕಿಕೊಂಡೆ. ವಿಚಾರಣೆ ಮಾಡುವ ಆ ಗುರುತಿಲ್ಲದವರಿಗೆ ಬರೆದ ಕಾಗದದಲ್ಲಿ ಇದೂ ಇದೆ. ನಿನಗೆ ಬರೆಯಲು ಮಾತ್ರ ಕೈ ಬಂದಿರಲಿಲ್ಲ. ಸೋಮವಾರ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರಂತೆ. ಅಷ್ಟರೊಳಗೆ ನೀನು ಇದನ್ನು ಒಬ್ಬಳೇ ಕೂತು ಓದು.